ಬೆರಳಗಲದ ಜಾಗ

ಚಕ್ರವನ್ನು ಕೆಲಸದ ಮೇಜಿನ ಮೇಲೆ ಮಲಗಿಸಿದ ಕೂಡಲೇ ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡರು.

“ನೋಡಿ ಮೇಸ್ತ್ರಿ. ಎರಡು ಗಂಟೆ ಮಟ್ಟಿಗೆ ಅಂತ ಪೊಲೀಸರ ಹತ್ರ ಕಾಡಿ ಬೇಡಿ ಇಸ್ಕೊಂಡು ಬಂದಿದ್ದೀನಿ,” ಎಂದಳು ಇನ್ಸ್‌ಪೆಕ್ಟ್ರಮ್ಮ.

“ನೋಡೋದೇನಿದೆ ಅಮ್ಮ. ನನ್ನ ಕೈಯೇ ಅವನನ್ನ ತಿಂದಿದ್ದು. ಹಾಗೇ ಬರ್ಕೊಳ್ಳಿ.”

ನಾಲ್ಕು ದಿನದ ಹಿಂದೆ ಬೆಟ್ಟದ ಇಳಿಜಾರಿನಲ್ಲಿ ಮುಂದಿನ ಚಕ್ರದ ಟೈರು ಕಳಚಿ, ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಸೈಕಲ್ ಸವಾರ ಬಂಡೆಗೆ ಬಡಿದು ಸತ್ತಿದ್ದ. ತಂಡದ ಟೈರುಗಳಿಗೆಲ್ಲ ಅಂಟು ಹಚ್ಚಿ ಕೂರಿಸುತ್ತಿದ್ದವರು ಈ ಮೇಸ್ತ್ರಿ. ಸತ್ತವನು ಅವರ ಅಳಿಯ.

ಗೋಡೆಯ ಗಡಿಯಾರದಲ್ಲಿ ಒಂಬತ್ತು. ಹನ್ನೊಂದಕ್ಕೆ ಈ ದಿನದ ಓಟ ಶುರು. ಅದೇ ಹನ್ನೊಂದಕ್ಕೆ ಪೊಲೀಸರು ಬಂದು ಮೇಸ್ತ್ರಿಯನ್ನು ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಜನರ ಕಣ್ಣೆಲ್ಲ ಸವಾರರ ಮೇಲಿರುವಾಗ ಮುದುಕನನ್ನು ಸದ್ದಿಲ್ಲದೆ ಸಾಗಿಸಬಹುದು ಎಂಬ ಲೆಕ್ಕಾಚಾರ.

ಇನ್ಸ್‌ಪೆಕ್ಟ್ರಮ್ಮ ಈಗ ಯಾವ ಇನ್ಸ್‌ಪೆಕ್ಟರೂ ಅಲ್ಲ. ಇಪ್ಪತ್ತಾರು ವರ್ಷ ತೂಕ–ಅಳತೆ ಇಲಾಖೆಯಲ್ಲಿದ್ದು ಅಂಗಡಿ ಅಂಗಡಿಯ ತಕ್ಕಡಿ ಹಿಡಿದು ನಿವೃತ್ತಳಾದವಳು. ಹೆಸರು ಮಾತ್ರ ಅಂಟಿಕೊಂಡು ಉಳಿಯಿತು. ಈಗಲೂ ಆಕೆ ತರಕಾರಿ ಕೊಳ್ಳಲು ನಿಂತರೆ ಅಂಗಡಿಯವರು ಕೇಳದೆಯೇ ಒಂದು ಟೊಮೇಟೊ ಹೆಚ್ಚಿಗೆ ಹಾಕುತ್ತಾರೆ. ಪೊಲೀಸರು ಕೈಬಿಟ್ಟಿದ್ದ ಎರಡು ಮೂರು ಸಂಗತಿಗಳನ್ನು ಆಕೆ ಬರೀ ತೂಕ ಹಾಕಿಯೇ ಬಿಡಿಸಿದ್ದಳೆಂದು ಕೇಳಿ, ಗುಬ್ಬಿಯ ಹೆಂಡತಿ ಮೊನ್ನೆ ಹುಡುಕಿಕೊಂಡು ಬಂದಿದ್ದಳು. ಅಳಲಿಲ್ಲ, ಕೂರಲೂ ಇಲ್ಲ. ನಿಂತೇ ಹೇಳಿದ್ದಳು.

“ಅದು ಯಾರ ಕೈ ಅಂತ ನಂಗೆ ಗೊತ್ತಾಗ್ಬೇಕು ಅಕ್ಕಾ. ಅಪ್ಪನದೇ ಆದ್ರೂ ಸರಿ.”

ಆ ಮಾತಾಡಿದವಳ ಹೆಬ್ಬೆರಳಲ್ಲಿ ಗಂಡಸಿನ ಮದುವೆಯುಂಗುರವಿತ್ತು. ಆಸ್ಪತ್ರೆಯವರು ಗಂಡನ ಬೆರಳಿನಿಂದ ತೆಗೆದು ಲಕೋಟೆಯಲ್ಲಿ ಹಾಕಿ ಕೊಟ್ಟರಂತೆ. ಬೇರೆ ಬೆರಳಿಗೆ ಸಡಿಲ, ಹಾಗಾಗಿ ಹೆಬ್ಬೆರಳಿಗೆ. ಸತ್ತ ದಿನ ತಾನು ಹೋಟೆಲಿನ ನಾಲ್ಕನೇ ಮಹಡಿಯ ಕೋಣೆಯಲ್ಲಿ ಟೀವಿ ಮುಂದೆ ಕೂತಿದ್ದೆ, ಮೋಡ ಕವಿದು ಚಿತ್ರ ಹೋಯಿತು, ಮತ್ತೆ ಚಿತ್ರ ಬಂದಾಗ ಅವನಿರಲಿಲ್ಲ ಎಂದಿದ್ದಳು. ಅಪ್ಪನ ಜೊತೆ ಅಂದಿನಿಂದ ಒಂದು ಮಾತೂ ಆಡಿಲ್ಲ.

ತಂಡದ ದೊಡ್ಡ ಲಾರಿಯ ಹೊಟ್ಟೆಯೇ ಮೇಸ್ತ್ರಿಯ ಕಾರ್ಖಾನೆ. ಹೋಟೆಲಿನ ಹಿಂದಿನ ಅಂಗಳದಲ್ಲಿ ಅದು ನಿಂತಿತ್ತು. ಮೇಲಿನಿಂದ ಸಾಲಾಗಿ ತೂಗುವ ಚಕ್ರಗಳು. ಗೋಡೆಯ ಮೇಲೆ ನಟ್ಟು ಬಿಗಿಯುವ ಪ್ರತಿ ಪಾನಕ್ಕೂ ಅದರದೇ ಆಕಾರದ ಗೆರೆ ಎಳೆದು, ಆ ಗೆರೆಯೊಳಗೇ ಅದನ್ನು ನೇತುಹಾಕಿದ್ದರು. ಚಕ್ರಗಳ ಸಾಲಿನಲ್ಲಿ ಏಳನೇ ಕೊಕ್ಕೆ ಖಾಲಿ. ಅದರ ಪಕ್ಕದ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ನಾಲ್ಕು ಮೂಲೆಗೂ ಟೇಪು ಹಚ್ಚಿ ಅಂಟಿಸಿದ್ದರು. ಬೆಟ್ಟದ ತುದಿಗೆ ಇನ್ನೊಂದೇ ಕಿಲೋಮೀಟರು ಎಂದು ಸಾರುವ ಹಲಗೆಯ ಕೆಳಗೆ ಗುಬ್ಬಿ, ಎದ್ದು ನಿಂತು ತುಳಿಯುತ್ತಿರುವುದು. ಅವನ ಕಡೆಯ ಚಿತ್ರ ಅದು.

“ಅಂಟು ಹೇಗೆ ಹಚ್ತೀರಿ ಅಂತಾದ್ರೂ ಹೇಳಿ,” ಎಂದಳು ಆಕೆ. “ನಂಗೆ ಈ ಕೆಲಸ ಗೊತ್ತಿಲ್ಲ.”

ಕೆಲಸದ ಮಾತು ಬಂದರೆ ಎಂಥ ದುಃಖದವರಿಗೂ ನಾಲಗೆ ತಿರುಗುತ್ತದೆ. ಮೇಸ್ತ್ರಿ ನಿಧಾನವಾಗಿ ಹೇಳತೊಡಗಿದರು. ಓಟದ ಟೈರು ಪೇಟೆಯಲ್ಲಿ ಸಿಗುವಂಥದ್ದಲ್ಲ; ಒಳಗೆ ಟ್ಯೂಬು ಇಟ್ಟು ಸುತ್ತ ಹೊಲಿದುಬಿಟ್ಟಿರುತ್ತಾರೆ, ಹಾವಿನಂತೆ ದುಂಡಗೆ. ರಿಮ್ಮಿನಲ್ಲಿ ಅದನ್ನು ಹಿಡಿದಿಡಲು ಅಂಚಿಲ್ಲ, ಅಂಟೊಂದೇ ಆಧಾರ. ಒಂದು ಕೋಟು ಹಚ್ಚಿ ಒಣಗಿಸಿ, ಎರಡನೆಯದು, ಮೂರನೆಯದು. ಆಮೇಲೆ ಟೈರು ಕೂರಿಸಿ ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು. ಮೂವತ್ತೊಂದು ವರ್ಷದಿಂದ, ದೀಪಕ್ಕೆ ಎಣ್ಣೆ ಎರೆಯುವವರ ಹಾಗೆ, ಮಾತಾಡದೆ ಹಚ್ಚಿಕೊಂಡು ಬಂದವರು ಅವರು. ಆ ವಾರ ಮೂರನೇ ಕೋಟು ಹಚ್ಚುವಾಗ ಯಾರೋ ಕೂಗಿದರು, ಕೈ ಅವಸರ ಮಾಡಿತು. ಅದೇ ಅವರ ಪಾಪ.

“ಮತ್ತೆ ಒಂದು ಜಾಗ ಬಿಡ್ತೀನಿ,” ಎಂದರು.

“ಎಂಥ ಜಾಗ?”

“ಗಾಳಿ ಹಾಕೋ ವಾಲ್ವ್ ಇದೆಯಲ್ಲ, ಅದರ ನೇರ ಎದುರಿಗೆ. ಒಂದು ಬೆರಳಗಲ. ಅಲ್ಲಿ ಅಂಟು ಹಚ್ಚಲ್ಲ. ದಾರೀಲಿ ಟೈರು ಕೀಳ್ಬೇಕಾದ್ರೆ ಹೆಬ್ಬೆರಳು ತೂರ್ಸೋಕೆ ಒಂದು ಬಾಗಿಲು ಬೇಕಲ್ವಾ. ನಮ್ಮ ಗುರುಗಳು ಕಲ್ಸಿದ್ದು.” ಮುದುಕರ ತುಟಿಯಂಚಿನಲ್ಲಿ ನಗೆಯಂಥದ್ದೊಂದು ಬಂದು ಹೋಯಿತು. “ನಾನೂ ಒಬ್ಬರಿಗೆ ಕಲಿಸ್ದೆ. ಎಷ್ಟು ಬಡ್ಕೊಂಡ್ರೂ ಅವರು ಜಾಗ ಬಿಡೋರಲ್ಲ. ಅಲ್ಲಿಂದ್ಲೇ ಕಿತ್ಕೊಂಡು ಬಂದ್ರೆ ಅಂತ ಹೆದ್ರಿಕೆ. ಸುತ್ತಾ ಬಳಿಯೋರು, ಗೋಡೆಗೆ ಸುಣ್ಣ ಬಳ್ದ ಹಾಗೆ.”

ಇನ್ಸ್‌ಪೆಕ್ಟ್ರಮ್ಮ ಮೇಜಿನ ಮೇಲಿದ್ದ ಚಕ್ರವನ್ನು ಎತ್ತಿ, ವಾಲ್ವಿನ ತೂತು ತನ್ನ ಕಡೆ ಬರುವಂತೆ ತಿರುಗಿಸಿ, ಮೇಸ್ತ್ರಿಯ ಬಲಗೈ ಹಿಡಿದು ಎದುರಿನ ಅಂಚಿನ ಮೇಲೆ ಇಟ್ಟಳು.

ಹೆಬ್ಬೆರಳು ಅಲ್ಲಿ ನಿಂತಿತು. ಒಂದಿಷ್ಟು ಎಡಕ್ಕೆ ಸರಿಯಿತು. ಬಲಕ್ಕೆ ಸರಿಯಿತು. ಮತ್ತೆ ನಡುವಿಗೆ ಬಂದು ಒತ್ತಿತು.

ಮುದುಕರು ಮುಖ ತಿರುಗಿಸಿ, ನಾಲ್ಕು ದಿನದಲ್ಲಿ ಮೊದಲ ಸಲ ಆ ಚಕ್ರವನ್ನು ನೋಡಿದರು.

“ಜಾಗ ಇಲ್ಲ,” ಎಂದರು. “ಇಲ್ಲಿ ಜಾಗಾನೇ ಇಲ್ಲ. ಅಮ್ಮ, ಇದು ನನ್ನ ಕೈ ಅಲ್ಲ.”

ಆಕೆ ಚೀಲದಿಂದ ತನ್ನ ಪುಟ್ಟ ತಕ್ಕಡಿ ತೆಗೆದು ಅದರ ಕೊಕ್ಕೆಗೆ ಚಕ್ರ ಸಿಕ್ಕಿಸಿದಳು. ಗುಬ್ಬಿಯ ಬೆಟ್ಟ ಹತ್ತುವ ಮುಂಚಕ್ರದ ತೂಕ ಮೇಸ್ತ್ರಿಗೆ ಬಾಯಿಪಾಠ. ಟೈರು ಬಿಟ್ಟು ನಾನೂರ ತೊಂಬತ್ತು ಗ್ರಾಮ್. ಇದು ಐನೂರ ಅರವತ್ತು ತೋರಿಸಿತು. ಮೇಲ್ನೋಟಕ್ಕೆ ಅದೇ ಬಣ್ಣ, ಅದೇ ಗುರುತು. ಆದರೆ ಬಯಲಿನ ದಿನಗಳಿಗೆ ಇಟ್ಟುಕೊಂಡ ಚಕ್ರ ಇದು. ಬೆಟ್ಟದ ದಿನ ಮೇಸ್ತ್ರಿ ಇದನ್ನು ಕೊಕ್ಕೆಯಿಂದ ಇಳಿಸುವುದೇ ಇಲ್ಲ.

ಅವರು ಅಂಟನ್ನು ಉಗುರಿನಿಂದ ಕೆರೆದರು. ಅದು ಪುಡಿಯಾಗಲಿಲ್ಲ, ಸಣ್ಣ ಎಳೆಯಾಗಿ ಎದ್ದು ಬಂತು. “ಒಣಗಿಲ್ಲ. ಹಸೀಲೇ ಕಿತ್ತು ಬಂದ್ರೆ ಆಮೇಲೆ ಎಷ್ಟು ದಿನ ಇಟ್ರೂ ಹೀಗೇ,” ಎಂದರು ತಮಗೇ ಹೇಳಿಕೊಳ್ಳುವಂತೆ. “ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಓಡ್ಸಿದ್ದಾರೆ. ಹಚ್ಚೋದೇನೋ ಚೆನ್ನಾಗೇ ಹಚ್ಚಿದ್ದಾರೆ, ಪಾಪ. ಸುತ್ತಾ ಒಂದೇ ಸಮ...”

ಮಾತು ಅಲ್ಲಿಗೇ ನಿಂತಿತು.

ಬೆರಳು ಮಾತ್ರ ರಿಮ್ಮಿನ ಸುತ್ತ ಇನ್ನೂ ಹೋಗುತ್ತಿತ್ತು, ಬಹಳ ಮೆಲ್ಲಗೆ, ಮಲಗಿದ ಮಗುವಿನ ಹಣೆ ಸವರುವ ಹಾಗೆ. ಸುತ್ತು ಮುಗಿಸಿ ಅದು ಮತ್ತೆ ವಾಲ್ವಿನ ಎದುರಿಗೆ ಬಂದಾಗ ಮೇಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ.

“ಅಮ್ಮ,” ಎಂದರು. “ನನ್ನ ಕೈಯೇ ಅಂತ ಬರ್ಕೊಳ್ಳಿ.”

“ಈಗ್ತಾನೆ ಅಲ್ಲ ಅಂದ್ರಲ್ಲ.”

“ವಯಸ್ಸಾಯ್ತು. ಜಾಗ ಬಿಡೋದು ಮರ್ತಿರ್ಬೇಕು. ಬರ್ಕೊಳ್ಳಿ.”

“ನೀವು ಕಲ್ಸಿದ್ರಲ್ಲ, ಅವರು ಯಾರು?”

“ಅವರು ಈ ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು.” ಮೇಸ್ತ್ರಿ ಒರಟು ಬಟ್ಟೆಯೊಂದನ್ನು ತೆಗೆದುಕೊಂಡು, ಮೊದಲೇ ಶುಭ್ರವಾಗಿದ್ದ ಪಾನವೊಂದನ್ನು ಒರೆಸತೊಡಗಿದರು.

ಎದೆಯ ಮೇಲಿನ ಬಂಡೆ ಇಳಿದ ಮರುಕ್ಷಣವೇ ಅದಕ್ಕಿಂತ ದೊಡ್ಡದನ್ನು ತಾನೇ ಎತ್ತಿ ಇಟ್ಟುಕೊಂಡ ಮನುಷ್ಯನನ್ನು ಇನ್ಸ್‌ಪೆಕ್ಟ್ರಮ್ಮ ಕಂಡದ್ದು ಇದೇ ಮೊದಲು. ಯಾರನ್ನೋ ಕಾಪಾಡುತ್ತಿದ್ದಾರೆ ಎಂದುಕೊಂಡಳು. ಯಾರನ್ನು ಎಂದು ಕೇಳಿದರೆ ಸಿಗುವ ಉತ್ತರವಲ್ಲ ಅದು. ಬೇರೆ ಕಡೆಯಿಂದ ಹೋಗಬೇಕು.

ಅಳಿಯನ ಬಗ್ಗೆ ಕೇಳಿದಳು.

ಅದನ್ನು ಹೇಳಲು ಮುದುಕರಿಗೆ ಅಡ್ಡಿಯಿರಲಿಲ್ಲ. ಗುಬ್ಬಿ ಮೊದಲು ಅಂಚೆ ಹಂಚುತ್ತಿದ್ದನಂತೆ. ಹನ್ನೊಂದು ವರ್ಷದ ಹಿಂದೆ ತಂಡದವರು ಗುಡ್ಡವೊಂದರಲ್ಲಿ ಅಭ್ಯಾಸ ಮಾಡುವಾಗ, ಹೆಗಲಿಗೆ ಟಪಾಲು ಚೀಲ ಹಾಕಿಕೊಂಡ ಸಣಕಲನೊಬ್ಬ ತುಕ್ಕು ಹಿಡಿದ ಸೈಕಲ್ಲಿನಲ್ಲಿ ಅವರನ್ನು ದಾಟಿಹೋದ. ಹೋಗುವಾಗ, ದಾರಿ ಬಿಡಿ, ಪತ್ರ ಇದೆ ಎಂದ. ಅಂದೇ ಅವನನ್ನು ಎತ್ತಿಕೊಂಡು ಬಂದರು. ಐವತ್ತನಾಲ್ಕು ಕಿಲೋ ಮನುಷ್ಯ. ದೊಡ್ಡ ಬೆಟ್ಟಗಳ ತುದಿಯನ್ನು ಒಂಬತ್ತು ಸಲ ಮೊದಲು ಮುಟ್ಟಿದ. ಪೂರ್ತಿ ಓಟವನ್ನು ಒಮ್ಮೆಯೂ ಗೆಲ್ಲಲಿಲ್ಲ, ಯಾಕೆಂದರೆ ಇಳಿಜಾರೆಂದರೆ ಅವನಿಗೆ ಪ್ರಾಣಭಯ. ಏರುವಾಗ ಅವನ ಮುಂದೆ ಯಾರೂ ಇರುತ್ತಿರಲಿಲ್ಲ. ಇಳಿಯುವಾಗ ಅವನ ಹಿಂದೆ ಯಾರೂ ಉಳಿಯುತ್ತಿರಲಿಲ್ಲ.

ಮುಂದಿನ ವರ್ಷ ಬೇರೆ ತಂಡಕ್ಕೆ ಹೋಗುವುದೆಂದು ಮಾತು ಕೊಟ್ಟಿದ್ದ. ತಂಡದ ಯಜಮಾನರು ಅದು ತಿಳಿದಂದಿನಿಂದ ಅವನೊಡನೆ ಊಟದ ಮೇಜಿನಲ್ಲೂ ಕೂರುತ್ತಿರಲಿಲ್ಲ. ಇದು ಇನ್ಸ್‌ಪೆಕ್ಟ್ರಮ್ಮನಿಗೆ ಮೊದಲೇ ಗೊತ್ತಿತ್ತು. ಆಕೆಯ ಕಣ್ಣು ಮೊದಲ ದಿನದಿಂದಲೂ ಯಜಮಾನರ ಮೇಲೇ ಇತ್ತು. ಬೆಟ್ಟದ ಮೇಲೆ ಗುಬ್ಬಿಯ ಬೆನ್ನಿಗಿದ್ದದ್ದು ಅವರ ಕಾರೊಂದೇ. ಎಂದಿನಂತೆ ಹಿಂದಿನ ಸೀಟಿನಲ್ಲಿ ಬದಲಿ ಚಕ್ರ ತೊಡೆಯ ಮೇಲಿಟ್ಟುಕೊಂಡು ಕೂರಬೇಕಿದ್ದ ಮೇಸ್ತ್ರಿಯನ್ನು ಆ ದಿನ ಅವರೇ ಲಾರಿಯ ಜೊತೆ ಮುಂದಿನ ಊರಿಗೆ ಕಳಿಸಿದ್ದರು. ಕಾರಿನಲ್ಲಿ ನಾನೊಬ್ಬನೇ ಇದ್ದೆ, ಎಲ್ಲೂ ನಿಲ್ಲಿಸಿಲ್ಲ, ಚಕ್ರ ಬದಲಾಯಿಸಿಲ್ಲ ಎಂದು ಬರೆದುಕೊಟ್ಟಿದ್ದರು.

ಆದರೆ ಚಕ್ರ ಬದಲಾಗಿತ್ತು. ಮೊದಲಿನ ತೂಕ ಗೊತ್ತಿದ್ದದ್ದೂ ಮುದುಕರಿಗೇ, ಹಾಗಾಗಿ ಅದು ಸಾಬೀತಾಗುವುದು ಅವರ ಹೆಬ್ಬೆರಳಿನಿಂದ ಮಾತ್ರ, ಆ ಹೆಬ್ಬೆರಳು ಈಗ ಸುಳ್ಳು ಹೇಳಲು ನಿಂತಿತ್ತು.

“ಭಾರ ಅಂದ್ರೆ ಅವನಿಗೆ ಆಗ್ತಿರ್ಲಿಲ್ಲ ಅಮ್ಮ,” ಎನ್ನುತ್ತಿದ್ದರು ಮೇಸ್ತ್ರಿ. “ಬೆಟ್ಟದ ಬುಡ ಬಂದ್ರೆ ಸಾಕು, ನೀರಿನ ಬಾಟ್ಲು, ಕನ್ನಡಕ, ಕೈಗವಸು, ಎಲ್ಲಾ ತೆಗ್ದು, ಜೊತೆ ಸವಾರ ಬಿಂದಿಗೆ ಅಂತ ಇದ್ದಾನಲ್ಲ, ಅವನ ಕೈಗೆ. ಉಂಗುರಾನೂ. ನಾಲ್ಕು ಗ್ರಾಮು. ಅದಕ್ಕೇ ನನ್ನ ಮಗಳು ಎಷ್ಟು ಬೈತಿದ್ಲು ಗೊತ್ತಾ? ‘ನಾನು ನಿಂಗೆ ನಾಲ್ಕು ಗ್ರಾಮ್ ಭಾರ ಆದ್ನಾ’ ಅಂತ.”

ಇನ್ಸ್‌ಪೆಕ್ಟ್ರಮ್ಮನ ಕೈ ಚೀಲದ ಮೇಲೆ ಹಾಗೇ ನಿಂತಿತು.

“ಪ್ರತಿ ಬೆಟ್ಟಕ್ಕೂ?”

“ಪ್ರತಿ ಬೆಟ್ಟಕ್ಕೂ. ಸಂಜೆ ಬಿಂದಿಗೆ ತಂದ್ಕೊಡ್ತಿದ್ದ.”

ಆಕೆ ಎದ್ದು ಗೋಡೆಯ ಚಿತ್ರದ ಬಳಿ ಹೋದಳು. ತೂಕದ ಬಟ್ಟುಗಳ ಮೇಲಿನ ಮುದ್ರೆ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಗುಬ್ಬಿಯ ಬರಿಗೈ ಮೇಲೆ ಹಿಡಿದಳು. ಬಿಸಿಲಿಗೆ ಕಂದಿದ ಬೆರಳುಗಳು. ಒಂದರ ಬುಡದಲ್ಲಿ ಬಿಳಿಯ ಪಟ್ಟಿ. ಉಂಗುರವಿರಲಿಲ್ಲ, ಉಂಗುರವಿದ್ದ ಜಾಗವಿತ್ತು.

ತುದಿಗೆ ಒಂದು ಕಿಲೋಮೀಟರು ಇದ್ದಾಗ ಬೆರಳು ಬರಿದು. ತುದಿ ದಾಟಿ ಮೂರು ಕಿಲೋಮೀಟರಿನಲ್ಲಿ ಬಂಡೆ. ಆಸ್ಪತ್ರೆಯವರು ಉಂಗುರ ತೆಗೆದದ್ದು ಆ ಬೆರಳಿನಿಂದ.

ನಡುವೆ ಮೋಡ. ಆ ಮೋಡದೊಳಗೆ ಯಾರೋ ಅವನನ್ನು ನಿಲ್ಲಿಸಿದ್ದರು. ಪಂಕ್ಚರಿಗೋ, ಇಳಿಜಾರಿನ ಭಯಕ್ಕೋ, ಚಕ್ರ ಬದಲಾಯಿಸಿದ್ದರು. ಬೆರಳಿಗೆ ಉಂಗುರ ತೊಡಿಸಿ ಕಳಿಸಿದ್ದರು.

ಆಕೆ ಚಿತ್ರದ ನಾಲ್ಕೂ ಮೂಲೆಯ ಟೇಪನ್ನು ಉಗುರಿನಿಂದ ಎಬ್ಬಿಸತೊಡಗಿದಳು.

ಹೋಟೆಲಿನ ಮುಂದಿನ ಬೀದಿಗೆ ಬರುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಬೇಲಿಗಳ ಆಚೆ ಜನ ಕಿಕ್ಕಿರಿದಿದ್ದರು. ಧ್ವನಿವರ್ಧಕದಲ್ಲಿ ಯಾರೋ ಸವಾರರ ಹೆಸರು ಕೂಗುತ್ತಿದ್ದ. ತಂಡದ ಬಸ್ಸಿನ ನೆರಳಿನಲ್ಲಿ ಬಿಂದಿಗೆ ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿಕೊಂಡು, ಇದ್ದಲ್ಲೇ ತುಳಿಯುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದ.

ದೊಡ್ಡ ಮೂಳೆಯ, ಸಾಧು ಮುಖದ ಆಳು. ಬೆಟ್ಟ ಹತ್ತಲಾರ. ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆಲ್ಲ ತುರುಕಿಕೊಂಡು ಬಂದು ಉಳಿದವರಿಗೆ ಹಂಚುವುದೇ ಅವನ ಕೆಲಸ, ಹಾಗಾಗಿ ಆ ಹೆಸರು. ಒಮ್ಮೆಗೆ ಒಂಬತ್ತು ಬಾಟಲಿ ತಂದ ದಾಖಲೆ ತನ್ನದೇ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಗುಬ್ಬಿ ಸತ್ತ ಮರುದಿನವೇ ಯಜಮಾನರು ಅವನಿಗೆ ಇನ್ನೆರಡು ವರ್ಷ ತಂಡದಲ್ಲಿ ಜಾಗ ಖಾಯಂ ಮಾಡಿದ್ದರು.

ಉಂಗುರದ ಬಗ್ಗೆ ಕೇಳಿದ್ದಕ್ಕೆ ಆ ದಿನ ಗುಬ್ಬಿ ಉಂಗುರ ಬಿಚ್ಚಲೇ ಇಲ್ಲ ಎಂದ. ನೆನಪಿದೆಯಾ ಎಂದರೆ ಚೆನ್ನಾಗಿ ನೆನಪಿದೆ ಎಂದ. ಕಾಲು ನಿಲ್ಲಿಸಲಿಲ್ಲ.

ಇನ್ಸ್‌ಪೆಕ್ಟ್ರಮ್ಮ ಗೋಡೆಯಿಂದ ಬಿಡಿಸಿ ತಂದಿದ್ದ ಚಿತ್ರವನ್ನು ಅವನ ಹ್ಯಾಂಡಲ್ಲಿನ ಮೇಲಿಟ್ಟಳು. ಭೂತಗನ್ನಡಿಯನ್ನೂ ಕೈಗೆ ಕೊಟ್ಟಳು.

ಅವನು ನೋಡಿದ. ಉರುಳೆಗಳ ಗಿರಗಿರ ಸದ್ದು ತಗ್ಗುತ್ತ ತಗ್ಗುತ್ತ ನಿಂತಿತು. ಒಂದು ಕಾಲನ್ನು ನೆಲಕ್ಕೆ ಊರಿದ.

“ಏನಪ್ಪಾ,” ಎಂದಳು ಆಕೆ, ಮೆಲ್ಲಗೆ. “ಹನ್ನೊಂದಕ್ಕೆ ನೀನು ಸೈಕಲ್ ಹತ್ತಿ ಹೋಗ್ತೀಯ. ಆ ಮುದುಕರನ್ನ ಜೀಪು ಹತ್ತಿಸ್ತಾರೆ. ನಿಂಗೆ ಅವರು ಎಷ್ಟು ಚಕ್ರ ಕೂರ್ಸಿ ಕೊಟ್ಟಿದ್ದಾರೋ.”

“ನಾನು ಯಾರನ್ನೂ ಕೊಂದಿಲ್ಲ ಅಮ್ಮ.”

“ಕೊಂದೆ ಅಂದ್ನಾ? ಉಂಗುರ ಎಲ್ಲಿ ಹೋಯ್ತು ಅಂದೆ.”

ಬಿಂದಿಗೆ ಬಸ್ಸಿನ ಬಾಗಿಲ ಕಡೆ ನೋಡಿದ. ಯಜಮಾನರು ಆಚೆ ಯಾರಿಗೋ ಕೈಕುಲುಕುತ್ತಿದ್ದರು. ಅವನು ಬಗ್ಗಿ, ಷೂ ಬಿಗಿಮಾಡಿಕೊಳ್ಳುವವನಂತೆ ನಟಿಸುತ್ತ, ನೆಲಕ್ಕೇ ಹೇಳಿದ. ಬುಡದಲ್ಲಿ ಗುಬ್ಬಿ ಎಂದಿನಂತೆ ಉಂಗುರ ಕೊಟ್ಟ. ತಾನು ಹಿಂದೆ ಬಿದ್ದು, ಬಾಟಲಿ ತರಲು ಕಾರಿನ ಪಕ್ಕಕ್ಕೆ ಹೋದ. ಆಗ ಕಾರಿನೊಳಗಿಂದ ಕೈ ಚಾಚಿ, ಉಂಗುರ ಇಲ್ಲಿ ಕೊಡು, ಇವತ್ತು ತುದಿಯಲ್ಲಿ ನಾನೇ ಕೊಡುತ್ತೇನೆ ಎಂದರು. ಕೊಟ್ಟ. ಅಷ್ಟೇ. ಹೊರಗಿನವರನ್ನು ಕಾರಿನಲ್ಲಿ ಕೂರಿಸಿಕೊಂಡದ್ದು ತಿಳಿದರೆ ಇಡೀ ತಂಡವನ್ನೇ ಓಟದಿಂದ ಆಚೆ ಹಾಕುತ್ತಾರೆ, ಎಂಟು ಜನರ ಅನ್ನ ಹೋಗುತ್ತದೆ, ಹಾಗಾಗಿ ಬಾಯಿ ಬಿಡಬೇಡ ಎಂದು ಯಜಮಾನರು ಆಣೆ ಹಾಕಿಸಿದರು.

ಇನ್ಸ್‌ಪೆಕ್ಟ್ರಮ್ಮ ಒಂದು ಪದವನ್ನು ಹಿಡಿದು ನಿಲ್ಲಿಸಿದಳು.

“ಹೊರಗಿನವರು ಅಂದ್ಯಲ್ಲ. ಯಜಮಾನರಿಗೆ ಕೊಡ್ಲಿಲ್ವಾ ನೀನು ಉಂಗುರಾನ?”

“ಯಜಮಾನ್ರು ಕಾರು ಓಡಿಸ್ತಿದ್ರು.”

“ಮತ್ತೆ?”

“ಹಿಂದಿನ ಸೀಟಲ್ಲಿ ಇದ್ದೋರಿಗೆ ಕೊಟ್ಟೆ. ಮೇಸ್ತ್ರಿ ಕೂರೋ ಜಾಗದಲ್ಲಿ. ತೊಡೆ ಮೇಲೆ ಚಕ್ರ ಇಟ್ಕೊಂಡಿದ್ರು.”

“ಯಾರು?”

ಧ್ವನಿವರ್ಧಕ ಬಿಂದಿಗೆಯ ನಂಬರು ಕೂಗಿತು. ಅವನು ಉರುಳೆಯಿಂದ ಸೈಕಲ್ ಇಳಿಸಿದ. ಇನ್ಸ್‌ಪೆಕ್ಟ್ರಮ್ಮ ಹ್ಯಾಂಡಲ್ ಬಿಡಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತ್ತು.

“ಅವಳಿಗೇ ಅಮ್ಮ,” ಎಂದ. “ಉಂಗುರ ತೊಡ್ಸಿದ್ದು ಯಾರೋ ಅವಳಿಗೇ. ಮೇಸ್ತ್ರಿ ಮಗಳಿಗೆ.”

ಆಕೆಯ ಬೆರಳುಗಳು ತಾವಾಗಿಯೇ ಸಡಿಲವಾದವು. ಬಿಂದಿಗೆ ಸೈಕಲ್ ತಳ್ಳಿಕೊಂಡು ಜನರ ನಡುವೆ ಕರಗಿಹೋದ.

ನಾನೂ ಒಬ್ಬರಿಗೆ ಕಲಿಸ್ದೆ. ಎಷ್ಟು ಬಡ್ಕೊಂಡ್ರೂ ಜಾಗ ಬಿಡೋರಲ್ಲ.

ರಿಮ್ಮಿನ ಸುತ್ತ ಅಷ್ಟು ಮೆಲ್ಲಗೆ ಸರಿದ ಆ ಬೆರಳು. ಬರ್ಕೊಳ್ಳಿ ಅಮ್ಮ, ನನ್ನ ಕೈಯೇ ಅಂತ. ನಾಲ್ಕನೇ ಮಹಡಿಯ ಕೋಣೆ, ಟೀವಿ, ಮೋಡ. ನಿಂತೇ ಹೇಳಿದ ಆ ಮಾತು. ಒಂದೊಂದೂ ತನ್ನ ತನ್ನ ಗೆರೆಯೊಳಗೆ ಬಂದು ಕೂತಿತು, ಲಾರಿಯ ಗೋಡೆಯ ಮೇಲಿನ ಪಾನಗಳಂತೆ. ಒಂದೇ ಒಂದು ಕೊಕ್ಕೆ ಖಾಲಿ ಉಳಿಯಿತು. ತಾನೇ ಅಂಟು ಹಚ್ಚಿದ ಚಕ್ರ ಒಣಗಿಲ್ಲವೆಂದು ತಿಳಿದು ಕೊಟ್ಟಳೋ, ತಿಳಿಯದೆ ಕೊಟ್ಟಳೋ?

ಹೋಟೆಲಿನ ಪಕ್ಕದ ಓಣಿಯಲ್ಲಿ ಜೀಪು ಬಂದು ನಿಂತಿತ್ತು. ಇನ್ಸ್‌ಪೆಕ್ಟ್ರಮ್ಮ ಜನರನ್ನು ತಳ್ಳಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೇಸ್ತ್ರಿಯನ್ನು ಒಳಗೆ ಕೂರಿಸಿಯಾಗಿತ್ತು. ಅವರೇ ಒಪ್ಪಿ ಸಹಿ ಹಾಕಿದ್ದಾರೆ ಎಂದು ಪೇದೆಯೊಬ್ಬ ಕಾಗದ ಮಡಚುತ್ತ ಹೇಳಿದ.

ಜೀಪಿನ ಪಕ್ಕದಲ್ಲಿ, ಅಪ್ಪನಿಗೆ ಬೆನ್ನು ಮಾಡಿ, ಮಗಳು ನಿಂತಿದ್ದಳು. ಹೆಬ್ಬೆರಳಿನ ಉಂಗುರವನ್ನು ಇನ್ನೊಂದು ಕೈಯಿಂದ ತಿರುಗಿಸುತ್ತಿದ್ದಳು. ಇನ್ಸ್‌ಪೆಕ್ಟ್ರಮ್ಮನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದಳು.

“ಗೊತ್ತಾಯ್ತಾ ಅಕ್ಕಾ?” ಎಂದಳು. “ಯಾರ ಕೈ ಅಂತ?”

ಅವಳ ಹೆಗಲ ಮೇಲಿಂದ, ಜೀಪಿನ ಕಂಬಿಯ ಹಿಂದೆ, ಮುದುಕರ ಮುಖ ಕಾಣುತ್ತಿತ್ತು. ಇನ್ಸ್‌ಪೆಕ್ಟ್ರಮ್ಮನ ಕಣ್ಣಲ್ಲೇ ಕಣ್ಣಿಟ್ಟು ಅವರು ಮೆಲ್ಲಗೆ ತಲೆಯಾಡಿಸಿದರು. ಬೇಡ.

ಬೀದಿಯಲ್ಲಿ ಬಾವುಟ ಕೆಳಗಿಳಿಯಿತು. ನೂರಾರು ಚಕ್ರಗಳು ಒಮ್ಮೆಗೇ ಸದ್ದೆತ್ತಿದವು.